ಸಾತವ್ವ ಬಿತ್ತಿದ ಜೋಳದ ಸಾಲು

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಾರದ ಕಾಲಕ್ಕೆ, ಕಪ್ಪುಮಣ್ಣಿನ ಎರೆಸೀಮೆಯ ಒಂದೂರಿನಲ್ಲಿ ಸಾತವ್ವ ಎಂಬಾಕೆ ಇದ್ದಳಂತೆ. ಬಿತ್ತುವುದರಲ್ಲಿ ಅವಳ ಕೈಯೇ ಕೈ. ಉಡಿಯಲ್ಲಿ ಕಾಳು ಕಟ್ಟಿಕೊಂಡು, ಎತ್ತು ಎಳೆಯುವ ಬಿತ್ತನೆಯ ಕೂರಿಗೆಯ ಬಟ್ಟಲಿಗೆ ಬಿಡುತ್ತಾ ನಡೆದರೆ ಒಂದು ಕಾಳು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಡೀ ಊರಿನ ಹೊಲ ಒಬ್ಬಳೇ ಬಿತ್ತುತ್ತಿದ್ದಳಂತೆ. ಪೂರ್ತಿ ನಂಬಬೇಡಿ, ಅರ್ಧ ನಂಬಿ.

ಒಂದು ವರ್ಷ ಯಾವನೋ ಸಾಹೇಬನ ದಲಾಲ ಎರಡು ಗಾಡಿ ಹತ್ತಿಬೀಜ ತಂದನಂತೆ. ಬೀಜ ಪುಕ್ಕಟೆ, ಬೆಳೆದಷ್ಟನ್ನೂ ತಾನೇ ಕೊಳ್ಳುತ್ತೇನೆ, ಸಮುದ್ರದಾಚೆ ಮಗ್ಗಗಳು ಬಾಯಿ ತೆರೆದುಕೊಂಡು ಕೂತಿವೆ ಎಂದನಂತೆ. ಷರತ್ತು ಒಂದೇ, ಹೊಲದಲ್ಲಿ ಹತ್ತಿ ಬಿಟ್ಟು ಬೇರೆ ಕಾಳು ಬೀಳಬಾರದು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಜನ, ಊರೆಲ್ಲ ಸೆರಗೊಡ್ಡಿತು.

ಸಾತವ್ವ ಮಾತ್ರ ನೇರ ಊರಗೌಡನ ಮನೆಗೆ ನಡೆದಳಂತೆ. ಹತ್ತಿ ಬೇಕಾದವನಿಗೆ ನಮ್ಮ ಜೋಳದ ಮೇಲೇಕೆ ಕಣ್ಣು?

"ಗೌಡ್ರ, ಹತ್ತಿ ಉಣ್ಣಾಕ ಬರತೈತೇನ್ರೀ?" ಎಂದು ಕೇಳಿದಳಂತೆ.

"ನಿನಗ ಎಲ್ಲಾದ್ರಾಗೂ ಅನುಮಾನ. ಸುಮ್ನ ಬಿತ್ತು ನಡಿಯವ್ವಾ," ಎಂದನಂತೆ ಊರಗೌಡ.

ಸುಮ್ಮನೇ ಬಿತ್ತಿದಳು. ಆದರೆ ಉಡಿಯ ಒಳಮಡಿಕೆಯಲ್ಲಿ ಜೋಳ ಬಚ್ಚಿಟ್ಟುಕೊಂಡು, ಆರು ಸಾಲು ಹತ್ತಿಗೊಂದು ಸಾಲು ಜೋಳ ಬಿಟ್ಟಳಂತೆ.

ಮೊಳಕೆ ಎದ್ದಾಗ ಗುಟ್ಟು ರಟ್ಟಾಯಿತು. ಜೋಳ ಕಿತ್ತೆಸೆಯದಿದ್ದರೆ ಹತ್ತಿ ಮುಟ್ಟುವುದಿಲ್ಲ ಎಂದು ದಲಾಲ ಕೂಗಾಡಿ ಹೋದ. ಸಾತವ್ವ ಯಾರದೋ ಲಂಚ ತಿಂದಿದ್ದಾಳೆ ಎಂದರಂತೆ ಊರವರು, ಮಾಟ ಮಾಡಿದ್ದಾಳೆ ಎಂದರಂತೆ. ಅವಳ ಕೈಯಿಂದ ಬಟ್ಟಲು ಕಸಿದುಕೊಂಡರು. ಜೋಳ ಕೀಳಲು ಹೊರಟರೆ ಮಳೆ ಹಿಡಿಯಿತು, ಎರೆಮಣ್ಣಿನಲ್ಲಿ ಕಾಲಿಡುವಂತಿಲ್ಲ. ಮಳೆ ಬಿಡುವಷ್ಟರಲ್ಲಿ ಪೈರು ಸೊಂಟದ ಮಟ್ಟ ಬೆಳೆದಿತ್ತು. ಒಕ್ಕಲುಮಕ್ಕಳು, ಕೀಳಲು ಕೈ ಬರಲಿಲ್ಲ.

ಹತ್ತಿ ಒಡೆದು ಹೊಲ ಬೆಳ್ಳಗಾಯಿತು. ದಲಾಲ ತಾನು ಬೀಜ ಹಂಚಿದ ಯಾವ ಊರಿಗೂ ತಿರುಗಿ ಬರಲಿಲ್ಲ. ಅವನ ಸಾಹೇಬನಿಗೆ ಇನ್ನೊಂದು ದೇಶದ ಹತ್ತಿ ಅಗ್ಗಕ್ಕೆ ಸಿಕ್ಕಿತ್ತಂತೆ. ಸುತ್ತಲಿನ ಊರವರು ಹತ್ತಿಯ ರಾಶಿ ಮುಂದಿಟ್ಟುಕೊಂಡು ಉಪವಾಸ ಬಿದ್ದರಂತೆ. ಈ ಊರಲ್ಲಿ ಮಾತ್ರ ಅರೆಹೊಟ್ಟೆಗಾದರೂ ರೊಟ್ಟಿ ಇತ್ತು.

ಮರುವರ್ಷ ಗೌಡನೇ ಬಟ್ಟಲು ಹಿಡಿದುಕೊಂಡು ಅವಳ ಬಾಗಿಲಿಗೆ ಬಂದ. ಇನ್ನು ನೀ ಏನು ಬಿತ್ತಿದರೂ ಏಕೆಂದು ಕೇಳುವುದಿಲ್ಲ ಎಂದು ಕೈಮುಗಿದನಂತೆ. ಸಾತವ್ವನಿಗೆ ಅಳು ಬಂತಂತೆ, ಅದರ ಹಿಂದೆಯೇ ಸಿಟ್ಟೂ ಬಂತಂತೆ.

"ಆ ದಲಾಲನ್ನ ನಂಬಿ ಕೆಟ್ರಿ, ಈಗ ನನ್ನ ನಂಬಾಕ ಹೊಂಟೀರೇನು? ನಾನೂ ನಿಮ್ಮ ಕಣ್ಣಾಗ ಮಣ್ಣು ತೂರಿದಾಕೀನ! ಮೊದಲು ನೋಡ್ರಿ, ಆಮ್ಯಾಲ ಬಿತ್ತಸ್ರಿ," ಎಂದು ಉಡಿ ಬಿಚ್ಚಿ ಹಿಡಿದಳಂತೆ.

ಇವತ್ತಿಗೂ ಆ ಊರಲ್ಲಿ ಬಿತ್ತುವಾಕೆ, ಹೆತ್ತ ತಾಯಿಯೇ ಆಗಿರಲಿ, ಉಡಿ ಬಿಚ್ಚಿ ತೋರಿಸದೆ ಬಟ್ಟಲಿಗೆ ಕೈ ಹಾಕುವಂತಿಲ್ಲ. ಮಕ್ಕಳೂ ಬರೀ ನೋಡಿ ಬಿಡುವುದಿಲ್ಲ, ಒಂದು ಕಾಳು ತೆಗೆದು ಕಚ್ಚಿ ನೋಡುತ್ತಾರೆ.