ಎಲೆ ತಿಂದವರ ಕಿವಿ

ಮೊದಲು ಕರಾರು ಕೇಳಿ, ಕತೆ ಆಮೇಲೆ. ಬೆಲ್ಲದ ಮಂಡಿ ಸಿದ್ಲಿಂಗಶೆಟ್ಟರ ಮಗಳ ನಿಶ್ಚಿತಾರ್ಥ ಕಾರ್ತಿಕದ ಹುಣ್ಣಿಮೆಗೆ. ಗಂಡಿನ ಅಪ್ಪ ಮರಿಶೆಟ್ಟರಿಗೆ ತೋಟದ ಹುಚ್ಚು. ಅಷ್ಟರೊಳಗೆ ಮನೆ ಮುಂದೆ ಹೂ ಅರಳಬೇಕು, ಚಿಟ್ಟೆ ಹಾರಬೇಕು. ಹಾಗೆ ಆಯಿತೋ, ಹಿತ್ತಲ ಗುಡಿಸಲು ತೋಟದ ಕೆಲಸದ ತಿಪ್ಪವ್ವನ ಹೆಸರಿಗೆ. ಆಗದಿದ್ದರೆ, ಮಾರನೇ ದಿನವೇ ಜಾಗ ಖಾಲಿ. ತಿಪ್ಪವ್ವ ಒಪ್ಪಿದಳು. ಕೈಗೆ ಆಸರೆ ಅಂತ ಇದ್ದವನು ಒಬ್ಬನೇ, ಮಗ ಚೌಡ. ವ್ಯಾಪಾರ ಕೆಟ್ಟಿದ್ದು ಅಲ್ಲೇ.

"ಹೋಗಪ್ಪಾ, ನರ್ಸರಿಗೆ ಹೋಗು. ಹೂವಿರೋದೇ ನೋಡಿ ತಾ."

ಹೋದ, ನೋಡಿದ, ತಂದ. ದಾಸವಾಳ, ಕಣಗಿಲೆ, ಚೆಂಡುಹೂ. ಒಂದು ಕುಕ್ಕೆ ತುಂಬ ಬರೀ ಹೂ! ಗುಂಡಿಗೊಂದು ಇಟ್ಟು, ನೀರೂ ಹುಯ್ದ.

"ಅಯ್ಯೋ ಮಂಕೇ! ಬೇರಿಲ್ಲದೆ ಬದುಕ್ತದಾ? ಬೇರು ಕಾಣ್ಬೇಕು ಕಣೋ, ಬೇರು!"

"ಹಂಗೇ ಆಗ್ಲವ್ವ."

ಮತ್ತೆ ಹೋದ, ನೋಡಿದ, ತಂದ, ನೆಟ್ಟ. ಹೂ ಮಣ್ಣೊಳಗೆ, ಬೇರು ಮೇಲೆ!

"ಕಾಣ್ತದಾ ಅವ್ವಾ?"

ತಿಪ್ಪವ್ವನಿಗೆ ಊಟ ಸೇರಲಿಲ್ಲ. ಚಿಟ್ಟೆ ಮೊಟ್ಟೆಯಿಡುವ ಎಕ್ಕ, ಕರಿಬೇವು, ನಿಂಬೆ, ಹೂವಿಗೆ ರತ್ನಗಂಧಿ, ಎಲ್ಲ ತಾನೇ ಹುಡುಕಿ ತಂದಳು, ತಾನೇ ನೆಟ್ಟಳು. ನುಗ್ಗೆ ಮರದ ಮೇಲೆ ವೀಳ್ಯದೆಲೆ ಬಳ್ಳಿ ಮೊದಲೇ ಇತ್ತು.

"ನೀನು ಏನೂ ನೆಡಬೇಡ. ಗಿಡ ಚೊಕ್ಕಟವಾಗಿಟ್ಕೋ, ಸಾಕು."

ಚೌಡ ಚೊಕ್ಕಟ ಮಾಡಿದ. ಎಲೆ ಎಲೆ ತಿರುವಿ, ಇದ್ದಬದ್ದ ಹುಳ ಹೆಕ್ಕಿ ಕೋಳಿಗೆ ಹಾಕಿದ.

"ಹಾಳಾದೋನೇ! ಹುಳ ಇಲ್ದೆ ಚಿಟ್ಟೆ ಎಲ್ಲಿಂದ ಬರ್ಬೇಕೋ? ಎಲೆ ತಿನ್ನೋಕೆ ಯಾರೇ ಬರ್ಲಿ, ತಿನ್ನಲಿ. ನೀನು ಕೈಕಟ್ಟಿ ನಿಂತ್ಕೋ!"

"ಹಂಗೇ ಆಗ್ಲವ್ವ."

ಪುಣ್ಯಕ್ಕೆ ಮತ್ತೆ ಹುಳ ಬಂತು. ನಿಂಬೆ ಕಡ್ಡಿಗೆ ಎರಡು ಗೂಡು ನೇತುಬಿದ್ದವು. ತಿಪ್ಪವ್ವ ಉಸಿರು ಬಿಡುವಷ್ಟರಲ್ಲಿ ಬಂತು ನೋಡಿ, ಮೇಕೆ ಮಂದೆ! ಚೌಡ ಗೇಟು ತೆರೆದು, ಕೈಕಟ್ಟಿ ನಿಂತ. ಎಕ್ಕ ಹೋಯಿತು, ಕರಿಬೇವು ಹೋಯಿತು. ನಿಂಬೆಯ ಸರದಿ ಬರುವಾಗ ತಿಪ್ಪವ್ವ ಪೊರಕೆ ಹಿಡಿದು ಓಡಿಬಂದಳು.

"ನನ್ನ ಗುಡಿಸಲು ತಿನ್ನಿಸಿಬಿಟ್ಯಲ್ಲೋ! ಇನ್ಮೇಲೆ ಯಾರಾದ್ರೂ ಈ ತೋಟದ ಎಲೆಗೆ ಬಾಯಿ ಹಾಕಲಿ, ಕಿವಿ ಹಿಡಿದು ಗೇಟಿನಾಚೆ ದಬ್ಬು!"

"ಹಂಗೇ ಆಗ್ಲವ್ವ."

ಹುಣ್ಣಿಮೆ ಬಂತು, ಬೀಗರು ಬಂದರು. ತಿಪ್ಪವ್ವ ಕಂಬದ ಮರೆಯಲ್ಲಿ ನಿಂತು ಇಣುಕುತ್ತಿದ್ದಳು. ಉಳಿದದ್ದು ಆ ನಿಂಬೆ, ಮೂಲೆಯ ರತ್ನಗಂಧಿ, ಮೇಲಿನ ವೀಳ್ಯದೆಲೆ ಬಳ್ಳಿ. ಅಷ್ಟರಲ್ಲಿ ನಿಂಬೆಯ ಗೂಡು ಒಡೆದು ಒಂದು ಚಿಟ್ಟೆ ಎದ್ದಿತು. ಹಿಂದೆಯೇ ಇನ್ನೊಂದು. ಎರಡೂ ರತ್ನಗಂಧಿ ಹೂವಿನ ಮೇಲೆ!

"ಭೇಷ್! ಅಂಗೈಯಗಲ ಜಾಗದಲ್ಲಿ ಇದಪ್ಪಾ ತೋಟ!" ಅಂದರು ಮರಿಶೆಟ್ಟರು.

ಸಿದ್ಲಿಂಗಶೆಟ್ಟರು ತಿಪ್ಪವ್ವನ ಕಡೆ ತಲೆಯಾಡಿಸಿದರು. ಗುಡಿಸಲು ಕೈಗೆ ಬಂದ ಹಾಗೇ! ಅವಳ ಕಣ್ಣಲ್ಲಿ ನೀರು.

ಮರಿಶೆಟ್ಟರು ಖುಷಿಯಲ್ಲಿ ಕೈಚಾಚಿ ಬಳ್ಳಿಯಿಂದ ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡರು.

"ಬೇಡ ಕಣೋ ಚೌಡಾ!" ತಿಪ್ಪವ್ವ ಕೂಗಿದಳು.

ಎಲ್ಲಿ ಕೇಳುತ್ತಾನೆ? ಚೌಡ ಬೀಗರ ಕಿವಿ ಹಿಡಿದ, ದರದರ ಎಳೆದ, ಗೇಟಿನಾಚೆ ದಬ್ಬಿದ. ಅವರ ಕಿವಿಯಲ್ಲಿದ್ದ ಕೆಂಪು ಕಲ್ಲಿನ ಒಂಟಿ ಅವನ ಬೆರಳಲ್ಲೇ ಉಳಿಯಿತು.

"ಅವ್ವಾ, ಈ ಮೇಕೆ ಒಡವೆ ಹಾಕ್ಕೊಂಡಿತ್ತು ಕಣವ್ವಾ!"

ಲೆಕ್ಕ ಇಷ್ಟು. ಸಂಬಂಧ ಮುರಿಯಿತು, ಗುಡಿಸಲು ಹೋಯಿತು. ಒಂಟಿಯನ್ನು ಮರಿಶೆಟ್ಟರ ಕಡೆಯವರು ಕಸಿದುಕೊಂಡರು. ತಿಪ್ಪವ್ವ ಹೊತ್ತು ನಡೆದ ಲಾಭ, ಆ ಮಂದೆ ಉದುರಿಸಿ ಹೋದ ಎರಡು ಬುಟ್ಟಿ ಮೇಕೆ ಹಿಕ್ಕೆ.