ಅಡಿವೆಪ್ಪ ಗುರುಗಳ ಪಾದ ಹುಡುಕಿದ್ದು

ಶಿವನು ಕೆಲವರಿಗೆ ಬುದ್ಧಿ ಕೊಟ್ಟ, ಕೆಲವರಿಗೆ ಅವ್ವನನ್ನು ಕೊಟ್ಟ. ನಮ್ಮ ಅಡಿವೆಪ್ಪನಿಗೆ ಕೊಟ್ಟದ್ದು ಅವ್ವನನ್ನು. ಅವಳು ದ್ಯಾಮವ್ವ, ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವವಳು. ಮಗ ಅದೇ ಹಾಸ್ಟೆಲಿನ ಮೇಲಿನ ಕೋಣೆಯಲ್ಲಿ ಓದುವವನು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು; ಅದೇ ಅವನ ರೋಗ.

ಆ ದಿನ ನಾಲ್ಕು ಗಂಟೆಗೆ ಅವನ ಕೊನೆಯ ಪರೀಕ್ಷೆ. ದೂರದೂರಿನ ಗುರುಗಳು ಕಂಪ್ಯೂಟರಿನಲ್ಲಿ ಮುಖ ತೋರಿಸಿ ಪ್ರಶ್ನೆ ಕೇಳುವವರು. ತಪ್ಪಿದರೆ ಒಂದು ವರ್ಷ ಹೋಯಿತು. ಮಧ್ಯಾಹ್ನ ನೋಡಿದರೆ ಇಂಟರ್ನೆಟ್ಟೇ ಇಲ್ಲ! ಗೋಡೆಯಿಂದ ಕಂಪ್ಯೂಟರಿಗೆ ವಯರ್ ಇದೆ, ವಯರಿನಲ್ಲಿ ಏನೂ ಬರುತ್ತಿಲ್ಲ.

ಕಂಪ್ಯೂಟರ್ ವಿಭಾಗದ ಬಡಿಗೇರ ಸರ್‌ಗೆ ಫೋನ್ ಮಾಡಿದ.

“ಎಲ್ಲಾ ಒಮ್ಮೆ ಆರಿಸಿ, ಮತ್ತ ಹಚ್ಚೋ,” ಎಂದರು.

ಕಂಪ್ಯೂಟರ್ ಆರಿಸಿದ, ದೀಪ ಆರಿಸಿದ, ಫ್ಯಾನ್ ಆರಿಸಿದ. ಎಲ್ಲಾ ಅಂದರೆ ಎಲ್ಲಾ! ಕೆಳಗಿಳಿದು ಅವ್ವನ ಒಲೆಯನ್ನೂ ಆರಿಸಿದ. ಹೆಂಚಿನ ಮೇಲೆ ರೊಟ್ಟಿ ಹಸಿ, ತಾಟು ಹಿಡಿದು ನಿಂತ ಹುಡುಗರು ಬಿಸಿ.

“ಅಯ್ಯೋ ಶಿವನೇ! ನಿಂದಷ್ಟ ಮುಟ್ಟೋ! ಮಂದೀದು ಮುಟ್ಟಬ್ಯಾಡ!”

“ಆತು ಬೇ ಯವ್ವಾ.”

ಎಲ್ಲಾ ಮತ್ತೆ ಹಚ್ಚಿದರೂ ಇಂಟರ್ನೆಟ್ ಬರಲಿಲ್ಲ. ಮತ್ತೆ ಸರ್‌ಗೆ ಫೋನ್. “ಹಂಗಾದರ ವಯರ್ ಕೆಟ್ಟಿರಬೇಕು. ಬಾಜೂ ಕೋಣಿಯವನ ವಯರ್ ಹಾಕಿ ನೋಡು.”

ಪಕ್ಕದ ಕೋಣೆಯ ರುದ್ರೇಶ ಪುಣ್ಯಾತ್ಮ, ತನ್ನ ವಯರನ್ನು ತಾನೇ ಬಿಚ್ಚಿ ತಂದ.

“ಹಿಡಿ ಅಡಿವ್ಯಾ.”

“ಒಲ್ಲೆ.”

“ಹಿಡಿಯೋ ಮಾರಾಯಾ!”

“ಒಲ್ಲೆ. ಮಂದೀದು.”

ಅವನು ಚಾಚಿದ ಹಾಗೆಲ್ಲ ಇವನು ಕೈ ಹಿಂದೆ ಕಟ್ಟಿಕೊಂಡ. ಮೂರು ಗಂಟೆ ಹೊಡೆಯಿತು. ಗದ್ದಲ ಕೇಳಿ ದ್ಯಾಮವ್ವ ಹಿಟ್ಟಿನ ಕೈಯಲ್ಲೇ ಮೇಲೆ ಬಂದಳು.

“ಲೇ ಖೋಡಿ! ಪ್ರೀತಿಲೇ ಕೊಟ್ಟದ್ದನ್ನ ಒಲ್ಲೆ ಅಂತಾರೇನು? ಪ್ರಸಾದ ತಗೊಂಡಂಗ ತಗೋಬೇಕು!”

“ಆತು ಬೇ ಯವ್ವಾ.”

ಎರಡೂ ಕೈ ಒಡ್ಡಿ ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಂಡ. ಬಾಯಿಗೆ ಹಾಕಿಕೊಂಡ. ಕಟಕ್! ವಯರಿನ ತುದಿಯ ಪ್ಲಾಸ್ಟಿಕ್ ಕೊಕ್ಕೆ ಹಲ್ಲಿಗೆ ಸಿಕ್ಕು ಮುರಿಯಿತು. ರುದ್ರೇಶ ತಲೆಯ ಮೇಲೆ ಕೈ ಹೊತ್ತು ಕೂತ.

ನೀವು ನಗುತ್ತೀರಿ. ನಾನು ನಗಲಾರೆ. ನಮ್ಮ ಬಾವಿಯ ಪಂಪು ನಿಂತಾಗ ವಿಭೂತಿ ಹಚ್ಚಿ, ಅದರ ಮೇಲೇ ಕಾಯಿ ಒಡೆದವನು ನಾನು. ಕಾಯಿಯ ನೀರು ಮೋಟರಿನೊಳಗೆ ಇಳಿದು, ಉಳಿದಿದ್ದ ಜೀವವೂ ಹೋಯಿತು. ಪೆದ್ದರಿಗೆ ಪೆದ್ದರೇ ಕನ್ನಡಿಯಾಗಲಿ ಎಂದು ಶಿವ ನಮ್ಮನ್ನು ಜೋಡಿ ಜೋಡಿಯಾಗಿ ಹುಟ್ಟಿಸಿದ್ದಾನೆ.

ಕಡೆಗೆ ಬಡಿಗೇರ ಸರ್ ತಾವೇ ಹೊಸ ವಯರ್ ಹಿಡಿದು ಮೆಟ್ಟಿಲೇರಿದರು. ದ್ಯಾಮವ್ವ ಮಗನ ಕಿವಿ ಹಿಂಡಿದಳು.

“ದೊಡ್ಡವರು ಬಂದರ ಹಲ್ಲಲ್ಲ, ಹಣಿ ಹಚ್ಚಬೇಕು! ಮೊದಲು ಪಾದಕ್ಕ ಹಣಿ, ಆಮ್ಯಾಲೆ ಮಾತು!”

“ಆತು ಬೇ ಯವ್ವಾ.”

ಹಚ್ಚಿದ. ಅಂದು ಅವನು ಸರಿಯಾಗಿ ಮಾಡಿದ್ದು ಅದೊಂದೇ. ಸರ್ ಖುಷಿಯಾಗಿ ಮೇಜಿನ ಕೆಳಗೆ ನುಸುಳಿ, ಹಳೆಯ ವಯರ್ ಕಿತ್ತು ಹೊಸದನ್ನು ಗೋಡೆಯ ತೂತಿಗೆ ಸಿಕ್ಕಿಸಿದರು. ಹಸಿರು ದೀಪ ಮಿನುಗಿತು. ಬಂತು ಇಂಟರ್ನೆಟ್! ದ್ಯಾಮವ್ವ ಕೈ ಮುಗಿದಳು.

“ಇದಕ್ಕ ಕೈ ಹಚ್ಚಬ್ಯಾಡ, ನೋಡು,” ಎಂದು ಸರ್ ಹೋದರು.

ನಾಲ್ಕಕ್ಕೆ ಸರಿಯಾಗಿ ಗುರುಗಳ ಮುಖ ಮೂಡಿತು. “ತಮ್ಮಾ, ನಿನ್ನ ಬರಹ ಓದೇನಿ, ಚಲೋ ಅದ. ಭಯ ಬ್ಯಾಡ, ಹೆಸರು ಹೇಳಿ ಶುರು ಮಾಡು.”

ಅಡಿವೆಪ್ಪ ಬಾಯಿ ಬಿಡಲಿಲ್ಲ. ಮೊದಲು ಪಾದ! ನೋಡಿದ. ಮುಖ ಇದೆ, ಎದೆ ಇದೆ, ಪಾದ ಇಲ್ಲ. ಪಾದ ಕೆಳಗಿರಬೇಕಲ್ಲವೇ? ಮೇಜಿನ ಕೆಳಗೆ ನುಸುಳಿದ. ಅತ್ತ ತೆವಳಿದ, ಇತ್ತ ತೆವಳಿದ, ಇರಲಿ ಎಂದು ನೆಲಕ್ಕೇ ಹಣೆ ಹಚ್ಚಿ ಎದ್ದ. ಎದ್ದರೆ ಕೊರಳಲ್ಲಿ ವಯರ್, ಶಿವದಾರದ ಹಾಗೆ!

“ವಯರ್ ಯಾಕ ಕಿತ್ತಿಯೋ, ಹಾಟ್ಯಾ!”

“ಕೈ ಹಚ್ಚಿಲ್ಲ ಬೇ ಯವ್ವಾ, ಹಣೀನ ಹಚ್ಚೇನಿ. ಹಣಿ ಮುಗೀತು, ಇನ್ನ ಮಾತು. ಎಲ್ಲಿ ಗುರುಗಳು?”

ಪರದೆಯ ಮೇಲೆ ಚಕ್ರ ಸುತ್ತುತ್ತಿತ್ತು. ಕೈ ಹಚ್ಚಬಾರದೆಂದು ಅವನು ವಯರನ್ನು ಮತ್ತೆ ಸಿಕ್ಕಿಸಲೂ ಇಲ್ಲ. ವರ್ಷ ಹೋಯಿತು, ಅವ್ವ ಉಳಿದಳು. ಶಿವ ಅವಳನ್ನು ಕಾಯಲಿ. ಬರುವ ವರ್ಷ ಮತ್ತೆ ಬುದ್ಧಿ ಹೇಳಬೇಕಲ್ಲ!