ಯಾವ ಸಂತೆಯ ಸರಕು

ಹೊಳೆಯ ದಂಡೆಯ ಮಠದ ಸ್ವಾಮಿಗಳಾದ ಅಜ್ಜಾರು ಒಂದು ವಿದ್ಯೆ ಕಲಿಸುತ್ತಿದ್ದರು. ಸಾಧಾರಣ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ, ಒಂದು ದೊಡ್ಡ ಲೆಕ್ಕವನ್ನು ಅವುಗಳಿಗೆ ಹಂಚುವ ವಿದ್ಯೆ. ಹೊಳೆ ಯಾವ ಊರಿಗೆ ಯಾವಾಗ ಏರುತ್ತದೆಂದು ಆ ಲೆಕ್ಕ ಹೇಳುತ್ತಿತ್ತು. ಹೊರಗಿನವರು ಅದನ್ನು ಓಪನ್ ಸೋರ್ಸ್ ಕ್ಲಸ್ಟರ್ ಎನ್ನುತ್ತಿದ್ದರು; ಮಠದವರು ಬರೀ ‘ಸಾಲು’ ಎನ್ನುತ್ತಿದ್ದರು.

ಯಾವುದು ಸಾಲು, ಯಾವುದಲ್ಲ ಎಂದು ಹೇಳುವವನು ಹಿರಿಯ ಶಿಷ್ಯ ಮುರಿಗೆಪ್ಪ. ಅವನ ನಿಯಮ ಗೋಡೆಯ ಮೇಲಿತ್ತು: ಕೆಟ್ಟುಹೋದದ್ದಕ್ಕೆ ಬದಲಿ ಸಂತೆಯಲ್ಲಿ ಸಿಗಬೇಕು, ಒಳಗಿರುವುದನ್ನು ಯಾರು ಬೇಕಾದರೂ ಓದಿ ತಿದ್ದುವಂತಿರಬೇಕು.

ಕೆಳದಂಡೆಯ ತಂಗೆವ್ವ ಆರು ಕಂಪ್ಯೂಟರುಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು, ಮಠದೊಳಗೆ ಜೋಡಿಸಿ ಲೆಕ್ಕಕ್ಕೆ ಹಚ್ಚಿದಳು. ಅವನು ಒಪ್ಪಿದರೆ ಅವಳ ಸಾಲು ಮಠದ ಸಾಲಿಗೆ ಕೂಡಿ, ಈ ಮಳೆಗಾಲ ಅವಳ ಊರಿನ ಲೆಕ್ಕವೂ ಆಗುತ್ತಿತ್ತು. ಒಪ್ಪದಿದ್ದರೆ, ನೀರು ಹೊಸ್ತಿಲಿಗೆ ಬಂದಾಗಲೇ ತಿಳಿಯಬೇಕು.

ಮುರಿಗೆಪ್ಪ ಒಂದೊಂದರ ಮುಚ್ಚಳ ಬಿಚ್ಚಿಸುತ್ತ ಹೋದ. ಎಲ್ಲಿ ಕೊಂಡದ್ದು, ಯಾರು ಕೊಟ್ಟದ್ದು, ಕೊಟ್ಟವರಿಗೇನು ಲಾಭ ಎಂದು ತಿರುಗಿಸಿ ತಿರುಗಿಸಿ ಕೇಳಿದ.

“ಪೊಲೀಸರೂ ಹಿಂಗ ಝಡತಿ ಮಾಡೂದಿಲ್ಲ ತಮ್ಮಾ,” ಎಂದಳು ತಂಗೆವ್ವ.

ಆರನೆಯದರ ಮುಚ್ಚಳಕ್ಕೆ ಯಾರೂ ಬಿಚ್ಚದಂತೆ ಮೊಹರಿತ್ತು. ಯಾವುದೋ ಕಂಪನಿ ಪುಕ್ಕಟೆ ಕೊಟ್ಟಿದ್ದಂತೆ.

“ನನಗ ಮೊದಲಿನಿಂದನ ಅನುಮಾನ ಇತ್ತರಿ,” ಎಂದ ಮುರಿಗೆಪ್ಪ ಅಜ್ಜಾರಿಗೆ. “ಇದು ಸಾಲಲ್ಲ.”

ತಂಗೆವ್ವ ಆ ಪೆಟ್ಟಿಗೆಯ ತಂತಿ ಕಿತ್ತಳು. ಉಳಿದ ಐದು ಸ್ವಲ್ಪ ನಿಧಾನವಾದವು, ನಿಲ್ಲಲಿಲ್ಲ. ಆದರೂ ಮುರಿಗೆಪ್ಪ ಹೂಂ ಅನ್ನಲಿಲ್ಲ. ಅವಳು ಇನ್ನೂ ಏನೋ ಮುಚ್ಚಿಟ್ಟಿದ್ದಾಳೆ ಎಂದೇ ಅವನ ಮನಸ್ಸು ಹೇಳುತ್ತಿತ್ತು.

ಅಜ್ಜಾರು ಎದ್ದು ಮಠದ ಸಾಲಿನ ಒಂದು ತಂತಿ ಕಿತ್ತರು. ಲೆಕ್ಕ ನಡೆದಿತ್ತು. ಇನ್ನೊಂದನ್ನೂ ಕಿತ್ತರು. ನಡೆದೇ ಇತ್ತು. ಮುರಿಗೆಪ್ಪನ ಮುಖ ಅರಳಿತು.

ಆಮೇಲೆ ಅವರು ಮುರಿಗೆಪ್ಪನ ಕೈ ಹಿಡಿದು ಹೊರಗೆ ಕರೆತಂದು ಬಾಗಿಲೆಳೆದುಕೊಂಡರು. ಮಠದ ಸಾಲನ್ನು ಪೂರಾ ಬಂದ್ ಮಾಡಿ ಮತ್ತೆ ಶುರುಮಾಡಲು ಒಳಗಿದ್ದ ತಂಗೆವ್ವನಿಗೆ ಹೇಳಿದರು.

ಸ್ವಲ್ಪ ಹೊತ್ತಿಗೆ ಅವಳ ದನಿ ಬಂತು: “ಅಜ್ಜಾರ, ಪಾಸ್‌ವರ್ಡ್ ಕೇಳಾಕತ್ತೈತಿ.”

ಅಜ್ಜಾರು ಶಿಷ್ಯನನ್ನು ನೋಡಿದರು.

“ಅದು ನನಗೊಬ್ಬನಿಗೇ ಗೊತ್ತರಿ,” ಎಂದ ಮುರಿಗೆಪ್ಪ. “ಎಲ್ಲೂ ಬರೆದಿಟ್ಟಿಲ್ಲ. ಯಾರನ್ನ ನಂಬೂದು?”

“ಆಕೀ ಸಾಲು ಸೇರಿಸು,” ಎಂದರು ಅಜ್ಜಾರು. “ನಮ್ಮದನ್ನ ಸಾಲು ಅನ್ನಬೇಕೋ ಬ್ಯಾಡೋ, ನೀನ ಹೇಳು. ನಾಳೆ ನೀ ಕೆಟ್ಟರ, ನಿನ್ನಂಥಾವ ಯಾವ ಸಂತ್ಯಾಗ ಸಿಗತಾನ?”